ಲೆಕ್ಕಕ್ಕೆ ಬಾರದ ಹದಿಮೂರು ನಿಮಿಷ

ಶನಿವಾರ ಬೆಳಗಿನ ಆರೂಮುಕ್ಕಾಲು. ಆಗಸ್ಟ್ ತಿಂಗಳು, ಅಂದರೆ ಮೆಲ್ಬರ್ನಿನಲ್ಲಿ ಹಲ್ಲು ಕಟಕಟಿಸುವ ಚಳಿಗಾಲ. ನಗರದಂಚಿನ ಡ್ಯಾಂಡಿನಾಂಗಿನ ಕಾರ್ಖಾನೆ ಸಾಲಿನ ಹಿಂದಿರುವ ಫುಟ್‌ಬಾಲ್ ಮೈದಾನದಲ್ಲಿ ಎತ್ತರದ ಮನುಷ್ಯರೊಬ್ಬರು ಹಳೆಯ ಕಾರ್ಪೆಟ್ ತುಂಡಿಗೆ ಹಗ್ಗ ಕಟ್ಟಿ ಹುಲ್ಲಿನ ಮೇಲೆ ಎಳೆದುಕೊಂಡು ಹೋಗುತ್ತಿದ್ದಾರೆ. ನೋಡಿದವರು ಪಾಪ, ಏನೋ ಹರಕೆ ಇರಬೇಕು ಅಂದುಕೊಳ್ಳಬಹುದು. ಅವರು ಒರೆಸುತ್ತಿರುವುದು ಇಬ್ಬನಿಯನ್ನು. ಹುಲ್ಲು ಒದ್ದೆಯಿದ್ದರೆ ಬಿಳಿ ಬಣ್ಣ ಹಿಡಿಯುವುದಿಲ್ಲ, ಗೆರೆ ಹರಡಿಕೊಂಡುಬಿಡುತ್ತದೆ.

ಇಬ್ಬನಿ ಒರೆಸಿದ ಮೇಲೆ ಗೂಟ ನೆಡುತ್ತಾರೆ, ದಾರ ಬಿಗಿಯುತ್ತಾರೆ, ನಾಲ್ಕು ಚಕ್ರದ ಬಣ್ಣದ ಗಾಡಿಯನ್ನು ತಳ್ಳಿಕೊಂಡು ನಡೆಯುತ್ತಾರೆ. ಒಂದು ಮೈದಾನದ ಗೆರೆಗಳನ್ನೆಲ್ಲ ಬಿಚ್ಚಿ ಉದ್ದಕ್ಕೆ ಹಾಸಿದರೆ ಅರ್ಧ ಕಿಲೋಮೀಟರಿಗಿಂತ ಹೆಚ್ಚಾಗುತ್ತದೆ. ಇಂಥ ಏಳು ಮೈದಾನಗಳು ಇವರ ಪಾಲಿಗೆ. ಶುಕ್ರವಾರ ನಾಲ್ಕು, ಶನಿವಾರ ಮೂರು. ಕೌನ್ಸಿಲ್ ಮೈದಾನಗಳನ್ನು ನೋಡಿಕೊಳ್ಳುವ ಗುತ್ತಿಗೆದಾರರ ಬಳಿ ಹದಿಮೂರು ವರ್ಷದ ನೌಕರಿ. ಉಳಿದ ದಿನ ಹುಲ್ಲು ಕತ್ತರಿಸುತ್ತಾರೆ, ಗೋಲಿನ ಬಲೆ ಹೊಲಿಯುತ್ತಾರೆ, ಮೊಲಗಳು ತೋಡಿದ ಗುಳಿ ಮುಚ್ಚುತ್ತಾರೆ.

ಗೆರೆಗಳೆಲ್ಲ ಮುಗಿದವು ಅಂತ ನಾನು ನೋಟ್‌ಬುಕ್ ಮುಚ್ಚುವಷ್ಟರಲ್ಲಿ ಅವರು ಗಾಡಿ ನಿಲ್ಲಿಸಿ, ಚಿಕ್ಕ ಬ್ರಷ್ ತೆಗೆದುಕೊಂಡು, ಮೈದಾನದ ಮಧ್ಯಗೆರೆ ಅಂಚುಗೆರೆಯನ್ನು ಮುಟ್ಟುವ ಕಡೆಗೆ ಹೋದರು. ಅಂಚುಗೆರೆಯಿಂದ ಒಂದು ಗೇಣು ಆಚೆ, ಆಟಕ್ಕೆ ಸಂಬಂಧವೇ ಇಲ್ಲದ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಬಿಳಿ ಚುಕ್ಕೆ ಇಟ್ಟರು. ಇದು ಯಾವ ನಿಯಮದಲ್ಲಿದೆ ಎಂದು ಕೇಳಿದೆ. ಯಾವುದರಲ್ಲೂ ಇಲ್ಲ, ಚಹಾ ಕುಡಿಯುವಾಗ ಹೇಳುತ್ತೇನೆ ಎಂದು ಬ್ರಷ್ ತೊಳೆಯಲು ಹೋದರು.

ಇವರ ಹೆಸರು ಸಂಕುಂಗ್ ಬಾರೋ. ವಯಸ್ಸು ನಲವತ್ತಾರು. ಊರು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ. ನಕ್ಷೆಯಲ್ಲಿ ಹುಡುಕುವವರು ಕನ್ನಡಕ ಹಾಕಿಕೊಂಡೇ ಹುಡುಕಬೇಕು. ಒಂದು ನದಿ, ಅದರ ಎರಡು ದಂಡೆ, ದೇಶ ಅಷ್ಟೇ. ನಮ್ಮ ಬೆಳಗಾವಿ ಜಿಲ್ಲೆಗಿಂತ ಚಿಕ್ಕದು. ಆದರೆ ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ಮೊದಲ ಸಲ ಆಫ್ರಿಕಾ ಕಪ್ ಫುಟ್‌ಬಾಲಿಗೆ ಹೋದಾಗಲೇ ಕ್ವಾರ್ಟರ್‌ಫೈನಲ್ ಮುಟ್ಟಿದ ದೇಶ ಇದು. ಇದರ ಹುಡುಗರು ಯುರೋಪಿನ ಕ್ಲಬ್ಬುಗಳಲ್ಲಿ ಆಡುತ್ತಾರೆ. ಗ್ಯಾಂಬಿಯಾದ ಹೆಸರಾಂತ ಆಟಗಾರರ ಪಟ್ಟಿ ಇಂಟರ್‌ನೆಟ್ಟಿನಲ್ಲೂ ಸಿಗುತ್ತದೆ. ಆ ಪಟ್ಟಿಯಲ್ಲಿ ಸಂಕುಂಗ್ ಬಾರೋ ಅನ್ನುವ ಹೆಸರಿಲ್ಲ, ಮತ್ತು ಈ ವರ್ಷ ಡ್ಯಾಂಡಿನಾಂಗಿನ ಕನ್ನಡಿಗರ ನಡುವೆ ಎದ್ದ ದೊಡ್ಡ ಗಲಾಟೆಗೆ ಅದೇ ಕಾರಣ.

ಅವರ ಚಹಾಕ್ಕೆ ಒಂದು ಕ್ರಮವಿದೆ. ಚಿಕ್ಕ ಗ್ಯಾಸ್ ಒಲೆ, ಅಂಗೈಯಗಲದ ಟೀಪಾಟು, ಒಂದೇ ಹಿಡಿ ಹಸಿರು ಚಹಾ ಸೊಪ್ಪು. ಅದನ್ನೇ ಮೂರು ಸುತ್ತು ಕುದಿಸುತ್ತಾರೆ. ಮೊದಲನೆಯದು ಕಹಿ, ಎರಡನೆಯದಕ್ಕೆ ಸಕ್ಕರೆ, ಮೂರನೆಯದಕ್ಕೆ ಇನ್ನೂ ಸಕ್ಕರೆ. ಗ್ಯಾಂಬಿಯಾದಲ್ಲಿ ಇದಕ್ಕೆ ಅತ್ತಾಯ ಅನ್ನುತ್ತಾರಂತೆ. ಮೊದಲ ಸುತ್ತು ಕುಡಿದು ಎದ್ದು ಹೋಗುವುದು ಅಲ್ಲಿ ಮಹಾ ಅಮರ್ಯಾದೆ. ಒಂದು ಗ್ಲಾಸಿನಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದು ನೊರೆ ಎಬ್ಬಿಸುತ್ತಾ ಅವರು ಮಾತು ಶುರುಮಾಡಿದರು.

ಹುಟ್ಟಿದ್ದು ಬಕಾವು ಎಂಬ ಕಡಲೂರಿನಲ್ಲಿ. ಬೆಳಿಗ್ಗೆ ದೋಣಿಯಿಂದ ಮೀನಿನ ಬುಟ್ಟಿ ಹೊರುವುದು, ಸಂಜೆ ಚೆಂಡು. ಮಳೆಗಾಲದಲ್ಲಿ ಅಲ್ಲಿ ಕೇರಿಗೆ ಕೇರಿ ಎದುರಾಗಿ ಆಡುವ ಪಂದ್ಯಾವಳಿ ನಡೆಯುತ್ತದೆ. ಅದರಲ್ಲಿ ಆಡಿ ಆಡಿ ಹೆಸರಾಗಿ, ಇಪ್ಪತ್ತಮೂರನೇ ವಯಸ್ಸಿಗೆ ದೇಶದ ತಂಡದಿಂದ ಕರೆ ಬಂತು. ನೆರೆ ದೇಶದ ಎದುರು ಸ್ನೇಹಪಂದ್ಯ. ಬೆಂಚಿನಲ್ಲಿ ಕೂತಿದ್ದ ಸಂಕುಂಗ್ ಅವರನ್ನು ಐವತ್ತೆಂಟನೇ ನಿಮಿಷಕ್ಕೆ ಒಳಗೆ ಕಳಿಸಿದರು. ಜೆರ್ಸಿ ನಂಬರ್ ಹದಿನಾರು.

"ಹದಿಮೂರು ನಿಮಿಷ ಆಡಿದೆ. ಆಮೇಲೆ ಮಳೆ ಬಂತು. ಎಂಥಾ ಮಳೆ ಅಂದರೆ ಚೆಂಡು ತೇಲುತ್ತಿತ್ತು. ರೆಫರಿ ಆಟ ನಿಲ್ಲಿಸಿದರು. ಮತ್ತೆ ಶುರುವಾಗಲೇ ಇಲ್ಲ," ಎನ್ನುತ್ತಾರೆ.

ಪೂರ್ತಿಯಾಗದ ಪಂದ್ಯ ಪಂದ್ಯವೇ ಅಲ್ಲ ಎಂದು ಎರಡೂ ದೇಶದವರು ಕೈತೊಳೆದುಕೊಂಡರು. ದಾಖಲೆಯಲ್ಲಿ ಬರಲಿಲ್ಲ. ಫೋಟೋ ತೆಗೆಯುವವನು ಮಳೆಗೆ ಮೊದಲೇ ಓಡಿಹೋಗಿದ್ದ. ತಂಡಕ್ಕೆ ಇದ್ದದ್ದೇ ಒಂದು ಸೆಟ್ ಜೆರ್ಸಿ, ಹಾಗಾಗಿ ಹದಿನಾರನೇ ನಂಬರನ್ನು ಹಿಂಡಿ, ಮಡಚಿ, ವಾಪಸ್ ಕೊಟ್ಟರು. ಮತ್ತೆ ಕರೆ ಬರುವಷ್ಟರಲ್ಲಿ ಮೊಣಕಾಲು ಹೋಯಿತು. ನಮ್ಮಲ್ಲಿ ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವಾಗ ಹೇಳುತ್ತೇವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ, ದೇಶಕ್ಕಾಗಿ ಆಡಿದ ಇವರ ಪಾಡೂ ಅದೇ ಆಯಿತು. ಇದೆಂಥ ಅನ್ಯಾಯ ಎಂದೆ ನಾನು. ಅವರು ಮಾತ್ರ ಎರಡನೇ ಸುತ್ತಿಗೆ ಸಕ್ಕರೆ ಹಾಕುತ್ತಿದ್ದರು.

ಕನ್ನಡಿಗರಿಗೆ ಅವರು ಸಿಕ್ಕಿದ್ದು ನಾಲ್ಕು ವರ್ಷದ ಹಿಂದೆ. ಶನಿವಾರ ಇದೇ ಮೈದಾನದ ಮೂಲೆಯಲ್ಲಿ ನಮ್ಮ ಸಾಫ್ಟ್‌ವೇರ್ ಅಪ್ಪಂದಿರು ಯೂಟ್ಯೂಬ್ ನೋಡಿಕೊಂಡು ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಮೂರು ವಾರ ಸಂಕುಂಗ್ ಸುಮ್ಮನೆ ಗೆರೆ ಎಳೆದರು. ನಾಲ್ಕನೇ ವಾರ ತಡೆಯಲಾರದೆ ಗಾಡಿ ಬಿಟ್ಟು ಬಂದು, ಚೆಂಡನ್ನು ಹೆಬ್ಬೆರಳಿನಿಂದ ಒದೆಯಬಾರದು ಎಂದು ತೋರಿಸಿಕೊಟ್ಟರು. ಅಂದಿನಿಂದ ಅವರೇ ಕೋಚ್. ಈಗ ಇಪ್ಪತ್ತಾರು ಮಕ್ಕಳಿದ್ದಾರೆ, ಅದರಲ್ಲಿ ಒಂಬತ್ತು ಹುಡುಗಿಯರು. ತಂಡಕ್ಕೆ ಸಂಬಳ ಕೊಡುವ ಶಕ್ತಿಯಿಲ್ಲ. ಧಾರವಾಡ ಮೂಲದ ರುದ್ರಾಣಿಯವರು ಪ್ರತಿ ಶನಿವಾರ ಡಬ್ಬಿ ತುಂಬ ಮಂಡಕ್ಕಿಯ ಗಿರ್ಮಿಟ್ ತರುತ್ತಾರೆ, ಕೋಚ್ ಅದರಲ್ಲಿ ಎರಡು ಪಾಲು ತಿನ್ನುತ್ತಾರೆ. ಮೊಮ್ಮಗನನ್ನು ಆಟಕ್ಕೆ ಕರೆತರುವ ರುದ್ರಾಣಿಯವರಿಂದಲೇ ಅವರು ಕನ್ನಡವನ್ನೂ ಕಲಿತದ್ದು. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು, ಈ ಆರಡಿ ಮೂರಂಗುಲದ ಗ್ಯಾಂಬಿಯಾದವರು "ಲಗೂನ ಬಾ, ಲಗೂನ ಬಾ" ಎಂದರೆ ಬಿದ್ದಂಬೀಳ ಓಡುತ್ತಾರೆ.

ಎಡವಟ್ಟು ಆದದ್ದು ಮಾರ್ಚಿನಲ್ಲಿ. ತಂಡದ ಕಾರ್ಯದರ್ಶಿ ಗೋಪೀನಾಥ ಮೈಸೂರಿನವರು, ಒಳ್ಳೆಯವರು, ಉತ್ಸಾಹ ಸ್ವಲ್ಪ ಜಾಸ್ತಿ. ಹೊಸ ಮಕ್ಕಳನ್ನು ಸೇರಿಸಲು ಹೊರಡಿಸಿದ ಪ್ರಕಟಣೆಯಲ್ಲಿ "ಗ್ಯಾಂಬಿಯಾದ ಮಾಜಿ ಅಂತರರಾಷ್ಟ್ರೀಯ ಆಟಗಾರರಿಂದ ತರಬೇತಿ" ಎಂದು ದಪ್ಪ ಅಕ್ಷರದಲ್ಲಿ ಹಾಕಿದರು. ತಂಡದಲ್ಲಿ ಆಡುವ ಹನ್ನೊಂದು ವರ್ಷದ ಅನಘಾಳ ಅಪ್ಪ ವಿಕ್ರಮ್ ಅದನ್ನು ನೋಡಿ ಪಟ್ಟಿ ತೆಗೆದರು. ಹೆಸರಿಲ್ಲ. ಇನ್ನೊಂದು ಪಟ್ಟಿ ತೆಗೆದರು. ಅಲ್ಲೂ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ "ಪ್ರೂಫ್ ಎಲ್ಲಿ?" ಎಂದು ಕೇಳಿದರು.

ಇಲ್ಲಿ ನಮ್ಮ ಜನರ ಬಗ್ಗೆ ಒಂದು ಮಾತು ಹೇಳಬೇಕು. ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿ, ಸಿಗುವವರೆಗೆ ನಾವು ಕೊಡುವ ದಾಖಲೆಗಳಿಗೆ ಮಿತಿಯಿಲ್ಲ. ಮೆಲ್ಬರ್ನಿನದೇ ಬಾಕ್ಸ್ ಹಿಲ್‌ನಲ್ಲಿರುವ ನಾನೇ ನನ್ನ ಹೆಂಡತಿ ನನ್ನ ಹೆಂಡತಿಯೇ ಎಂದು ಸಾಬೀತು ಮಾಡಲು ಮದುವೆಯ ಆಲ್ಬಮ್ಮಿನ ಹದಿನೆಂಟು ಫೋಟೋ ಕಳಿಸಿದವನು. ಹೀಗೆ ವರ್ಷಗಟ್ಟಲೆ ಸಾಕ್ಷಿ ಕೊಟ್ಟು ಕೊಟ್ಟು ಪಳಗಿದ ಮೇಲೆ, ಬೇರೆಯವರಿಂದ ಸಾಕ್ಷಿ ಕೇಳುವುದೂ ಅಭ್ಯಾಸವಾಗಿಬಿಡುತ್ತದೆ. ವಿಕ್ರಮ್ ಕೂಡ ಅದನ್ನು ಒಪ್ಪುತ್ತಾರೆ. "ನನಗೆ ಅವರ ಮೇಲೆ ಸಿಟ್ಟೇನೂ ಇರಲಿಲ್ಲ. ಮಕ್ಕಳಿಗೆ ಸುಳ್ಳು ಹೇಳ್ತಿದ್ದೀವಾ ಅಂತ ಚೆಕ್ ಮಾಡ್ದೆ ಅಷ್ಟೆ," ಎನ್ನುತ್ತಾರೆ.

ಮುಂದಿನ ಶನಿವಾರ ಮೈದಾನದಲ್ಲೇ ಸಭೆ ಸೇರಿತು. ಸಂಕುಂಗ್ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಹದಿಮೂರು ನಿಮಿಷ, ಮಳೆ, ದಾಖಲೆಯಿಲ್ಲ. ಅಂತರರಾಷ್ಟ್ರೀಯ ಅನ್ನುವ ಮಾತನ್ನು ತಾವು ಯಾವತ್ತೂ ಆಡಿಲ್ಲ, ದೇಶಕ್ಕೆ ಆಡಿದ್ದೆ ಎಂದಷ್ಟೇ ಗೋಪೀನಾಥರಿಗೆ ಹೇಳಿದ್ದು ಎಂದರು. ಮಕ್ಕಳಿಗೆ ಸುಳ್ಳು ಹೇಳಿದ ಹಾಗಾಗಿದ್ದರೆ ನಾಳೆಯಿಂದ ಬರೀ ಗೆರೆ ಎಳೆದುಕೊಂಡಿರುತ್ತೇನೆ ಎಂದೂ ಸೇರಿಸಿದರು. ಗಿರ್ಮಿಟ್ ಕಲಸುತ್ತಿದ್ದ ರುದ್ರಾಣಿಯವರು ಚಮಚ ಕೆಳಗಿಟ್ಟರು.

"ಏನ್ರೀ ವಿಕ್ರಮ್, ಮದುವ್ಯಾಗ ಮಳಿ ಬಂದು ಊಟ ಅರ್ಧಕ್ಕ ನಿಂತ್ರ, ಮದುವಿನ ಆಗಿಲ್ಲಂತ ಹುಡುಗೀನ ತವರಿಗೆ ಕಳಸ್ತೀರೇನು?"

ಎಲ್ಲರೂ ನಕ್ಕರು. ಆದರೆ ನಗು ಬೇರೆ, ನಿರ್ಣಯ ಬೇರೆ. ಜುಲೈ ರಜೆಯಲ್ಲಿ ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಮಕ್ಕಳ ಪಂದ್ಯಾವಳಿಯಿತ್ತು. ಅಲ್ಲಿಯವರೆಗೆ ಸಂಕುಂಗ್ ಇರಲಿ, ಆಮೇಲೆ ಸರ್ಟಿಫಿಕೇಟ್ ಇರುವ ಕೋಚ್ ಹುಡುಕೋಣ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ತೀರ್ಮಾನವಾಯಿತು. ಪ್ರಕಟಣೆಯಿಂದ ದಪ್ಪ ಅಕ್ಷರಗಳು ಹೋದವು. ಆ ನಾಲ್ಕು ತಿಂಗಳು ಸಂಕುಂಗ್ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಬೇಸರವಾಗಿತ್ತಾ ಎಂದು ಕೇಳಿದೆ. ಬಹಳ ಆಗಿತ್ತು, ಹೆಂಡತಿಗೂ ಹೇಳಿರಲಿಲ್ಲ ಎಂದರು.

ಲಿವರ್‌ಪೂಲ್‌ಗೆ ಆರು ಕಾರುಗಳಲ್ಲಿ ಹೋದರು. ಮೊದಲೆರಡು ಪಂದ್ಯದಲ್ಲಿ ಒಂದು ಸೋಲು, ಒಂದು ಸಮ. ಮೂರನೆಯದರಲ್ಲಿ ಇನ್ನು ಆರು ನಿಮಿಷ ಉಳಿದಿದ್ದಾಗ, ಎರಡು ವರ್ಷದಿಂದ ಒಂದೂ ಗೋಲು ಹೊಡೆಯದ ಅನಘಾಳ ಕಾಲಿಗೆ ಚೆಂಡು ಸಿಕ್ಕಿತು. ಬಲಗಡೆಯ ಕಂಬಕ್ಕೆ ಸವರಿಕೊಂಡು ಒಳಗೆ ಹೋಯಿತು. ವಿಕ್ರಮ್ ಫೋನಿನಲ್ಲಿ ವಿಡಿಯೋ ಮಾಡುತ್ತಾ ಕೂಗಿದ ಕೂಗಿಗೆ ಪಕ್ಕದ ಮೈದಾನದ ಆಟವೂ ಒಂದು ಕ್ಷಣ ನಿಂತಿತಂತೆ.

ಎರಡು ನಿಮಿಷಕ್ಕೆ ಗುಡುಗು. ಗುಡುಗಿದರೆ ಮಕ್ಕಳನ್ನು ಮೈದಾನದಲ್ಲಿ ಬಿಡುವಂತಿಲ್ಲ. ಅರ್ಧ ಗಂಟೆ ಕಾದರು, ಮಳೆ ಧಾರಾಕಾರ ಸುರಿಯಿತು, ಪಂದ್ಯ ರದ್ದಾಯಿತು. ಪೂರ್ತಿಯಾಗದ ಪಂದ್ಯಕ್ಕೆ ಫಲಿತಾಂಶವಿಲ್ಲ, ಗೋಲು ಹೊಡೆದವರ ಹಾಳೆಯೂ ಖಾಲಿ. ವಿಕ್ರಮ್ ನೆನೆಯುತ್ತಲೇ ಸಂಘಟಕರ ಡೇರೆಗೆ ಹೋಗಿ ಫೋನ್ ಹಿಡಿದರು. ನೋಡಿ, ವಿಡಿಯೋ ಇದೆ, ಚೆಂಡು ಒಳಗೆ ಹೋಗಿದೆ, ನನ್ನ ಮಗಳು ಹೊಡೆದದ್ದು ಎಂದರು. ಅಲ್ಲಿದ್ದ ಹೆಂಗಸು ವಿಡಿಯೋವನ್ನು ಎರಡು ಸಲ ನೋಡಿ, ಬಹಳ ಚೆನ್ನಾದ ಗೋಲು ಎಂದು ಮೆಚ್ಚಿ, ಆದರೆ ಬರೆದುಕೊಳ್ಳಲು ಬರುವುದಿಲ್ಲ ಎಂದು ನಯವಾಗಿ ಕೈಚೆಲ್ಲಿದರು.

ಡೇರೆಯಿಂದ ಹೊರಬಂದ ಅಪ್ಪನನ್ನು ಅನಘಾ ಇಂಗ್ಲಿಷಿನಲ್ಲಿ ಕೇಳಿದಳು, ನನ್ನ ಗೋಲು ಲೆಕ್ಕಕ್ಕಿದೆಯಾ ಅಂತ. ಯಾರು ಏನೇ ಬರೆದುಕೊಳ್ಳಲಿ, ಖಂಡಿತ ಇದೆ ಎಂದರು ವಿಕ್ರಮ್. ಹುಡುಗಿ ಸ್ವಲ್ಪ ಯೋಚನೆ ಮಾಡಿ ಇನ್ನೊಂದು ಮಾತು ಕೇಳಿದಳು.

"ಹಾಗಾದ್ರೆ ಕೋಚ್ ಆಡಿದ್ದೂ ಲೆಕ್ಕಕ್ಕಿದೆ, ಅಲ್ವಾ ಡ್ಯಾಡ್?"

ಸಂಕುಂಗ್ ಆಗ ಮಳೆಯಲ್ಲಿ ಒಬ್ಬರೇ ಅಭ್ಯಾಸಕ್ಕೆ ಇಟ್ಟಿದ್ದ ಕೋನ್‌ಗಳನ್ನು ಆಯ್ದುಕೊಳ್ಳುತ್ತಿದ್ದರು. ವಿಕ್ರಮ್ ಹೋಗಿ ಜೊತೆಗೆ ಆಯ್ದುಕೊಟ್ಟರು. ವಾಪಸ್ ಬರುವ ದಾರಿಯಲ್ಲಿ ಪೆಟ್ರೋಲ್ ಬಂಕಿನಿಂದ ವಾಟ್ಸಾಪ್ ಗುಂಪಿಗೆ ವಿಕ್ರಮ್ ಅವರ ಸಂದೇಶ ಬಂತು. ತಪ್ಪು ನನ್ನದು, ಹದಿಮೂರು ನಿಮಿಷ ಅಂದರೆ ಹದಿಮೂರು ನಿಮಿಷ, ಹೊಸ ಕೋಚ್ ಹುಡುಕುವ ಮಾತು ಇಲ್ಲಿಗೆ ಬಿಡೋಣ ಎಂದಿತ್ತು. ರುದ್ರಾಣಿಯವರು ಮದುವೆ ಊಟದ ಎಲೆಯ ಚಿತ್ರವೊಂದನ್ನು ಕಳಿಸಿದರು. ಗೋಪೀನಾಥ ದಪ್ಪ ಅಕ್ಷರಗಳನ್ನು ಮತ್ತೆ ಹಾಕಲು ಹೊರಟಾಗ ಸಂಕುಂಗ್ ಅವರೇ ಬೇಡವೆಂದು ತಡೆದರು.

ಮೂರನೇ ಸುತ್ತಿನ ಚಹಾ ಬಂತು. ಪಾಯಸದಷ್ಟು ಸಿಹಿ. ಅಂಚುಗೆರೆಯಾಚೆಯ ಚುಕ್ಕೆಯ ಗುಟ್ಟು ಅವರು ಹೇಳುವ ಮೊದಲೇ ನನಗೆ ತಿಳಿದಿತ್ತು. ಬದಲಿ ಆಟಗಾರ ಒಳಗೆ ಕಾಲಿಡುವ ಮೊದಲು ನಿಂತು ಕಾಯುವ ಜಾಗ ಅದು. ಐವತ್ತೆಂಟನೇ ನಿಮಿಷದಲ್ಲಿ ಅವರು ನಿಂತಿದ್ದ ಜಾಗ. ಹದಿಮೂರು ವರ್ಷದಿಂದ ಏಳು ಮೈದಾನಗಳಲ್ಲೂ ಇಡುತ್ತಿದ್ದಾರಂತೆ. ಆಟದ ಅಂಗಳದಿಂದ ಹೊರಗಿರುವುದರಿಂದ ಯಾವ ರೆಫರಿಯೂ ತಕರಾರು ಮಾಡಿಲ್ಲ.

ಗ್ಲಾಸು ತೊಳೆದಿಟ್ಟು, ಬ್ರಷ್ ಎತ್ತಿಕೊಂಡು, ಅವರು ನನ್ನನ್ನು ಗೋಲಿನ ಕಡೆ ಕರೆದುಕೊಂಡು ಹೋದರು. ಬಲೆಯನ್ನು ಎತ್ತಿ ಬಗ್ಗಿದರು. ಬಲಗಡೆಯ ಕಂಬದ ಪಕ್ಕ, ಗೋಲುಗೆರೆಯ ಆಚೆ, ಚೆಂಡು ಒಳಗೆ ಬಂದು ಬೀಳುವ ಜಾಗದಲ್ಲಿ ಇನ್ನೊಂದು ಚುಕ್ಕೆಯಿತ್ತು, ಹೋದ ವಾರದ್ದು, ಸ್ವಲ್ಪ ಮಾಸಿತ್ತು. ಅದರ ಮೇಲೆ ಮತ್ತೆ ಬಣ್ಣ ಹಚ್ಚಿದರು. ಇದು ಅನಘಾಳದು ಎಂದರು. ಅವಳಿಗೆ ಗೊತ್ತೇ ಎಂದು ಕೇಳಿದೆ. ಗೊತ್ತು, ಪ್ರತಿ ಶನಿವಾರ ಬಂದ ಕೂಡಲೇ ಬಲೆಯೊಳಗೆ ನುಗ್ಗಿ ಇದೆಯಾ ಅಂತ ನೋಡಿಕೊಳ್ಳುತ್ತಾಳೆ ಎಂದು ನಕ್ಕರು.

ಅಷ್ಟರಲ್ಲಿ ಕಾರುಗಳು ಬರತೊಡಗಿದವು. ಗಿರ್ಮಿಟ್ ಡಬ್ಬಿ ಇಳಿಯಿತು. ಹೊರಡುವ ಮುಂಚೆ, ಆ ಪಟ್ಟಿಯಲ್ಲಿ ಹೆಸರು ಬರಬೇಕೆಂಬ ಆಸೆ ಈಗಲೂ ಇದೆಯಾ ಎಂದು ಕೇಳಿದೆ. ಅವರು ತಲೆಯೆತ್ತಿ ದಕ್ಷಿಣದ ಕಡೆ ಕೂಡುತ್ತಿದ್ದ ಮೋಡವನ್ನು ನೋಡಿದರು.

"ಎರಡು ಚುಕ್ಕೆ ಸಾಕು, ಮೂರನೆಯದು ಬೇಡ. ಇವತ್ತು ಆಟ ಮುಗಿಯುವವರೆಗೆ ಮಳೆ ಬರದಿದ್ದರೆ ಅಷ್ಟೇ ಸಾಕು."