ಅಂಚೆಯಲ್ಲಿ ಬಂದ ಪಂದ್ಯ

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ಮೇಲು. ಇಲ್ಲದಿದ್ದರೆ ನನ್ನ ಹೆಂಡತಿ ವನಜ ಹೇಳುತ್ತಾಳೆ, ಅದೂ ಉದಾಹರಣೆಗಳ ಸಮೇತ. ಮದುವೆಗೆ ಮುಂಚೆ ಅವಳಿಗೆಂದು ಗುಟ್ಟಾಗಿ ಕೊಂಡ ಸೀರೆಯ ಬಣ್ಣ, ಅಂಚು, ಅಂಗಡಿ ಮೂರನ್ನೂ ಅವಳ ತಮ್ಮನಿಗೆ ಬಸ್ ನಿಲ್ದಾಣದಲ್ಲೇ ಹೇಳಿ ಮುಗಿಸಿದವನು ನಾನು. ಯಾರಾದರೂ "ಯಾರಿಗೂ ಹೇಳಬೇಡಿ" ಎಂದು ಶುರುಮಾಡಿದರೆ ಸಾಕು, ನನ್ನ ಗಂಟಲಲ್ಲಿ ಕೆರೆತ ಏಳುತ್ತದೆ. ಅಂಥ ನಾನು ಎಂಬತ್ತರ ದಶಕದ ಆರಂಭದಲ್ಲಿ, ಕುವೈತಿನಲ್ಲಿ, ಹನ್ನೆರಡು ದಿನ ಒಂದು ಗುಟ್ಟನ್ನು ಕಾಪಾಡಿದೆ. ಅದು ನನ್ನ ಊರಿನದಲ್ಲ, ನನ್ನ ದೇಶದ್ದಲ್ಲ, ನಾನು ಕಣ್ಣಾರೆ ನೋಡಿದ ಆಟದ್ದೂ ಅಲ್ಲ.

ಆಗ ನಾನು ಅಲ್ಲಿನ ತೈಲ ಬಂದರು ಮೀನಾ ಅಲ್ ಅಹ್ಮದಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಪಕ್ಕದ ಮೇಜಿನವನು ಪೈಪ್‌ಲೈನ್ ಎಂಜಿನಿಯರ್ ಡೋನಲ್, ಐರ್ಲೆಂಡಿನ ಪಶ್ಚಿಮದ ಒಂದು ಹಳ್ಳಿಯವನು. ಆ ಹಳ್ಳಿಯ ಹೆಸರನ್ನು ನಾಲ್ಕು ವರ್ಷ ಅಭ್ಯಾಸ ಮಾಡಿದರೂ ನನ್ನ ನಾಲಗೆ ಹೊರಳಲಿಲ್ಲ. ಅವನೂ ನನ್ನ ಶ್ರೀರಂಗಪಟ್ಟಣವನ್ನು ಅರ್ಧಕ್ಕೇ ಕೈಬಿಡುತ್ತಿದ್ದುದರಿಂದ ನಮ್ಮಿಬ್ಬರಿಗೂ ಸರಿಹೋಗಿತ್ತು.

ಅವನಿಗೆ ಎರಡು ವಿಷಯಗಳಲ್ಲಿ ಮಾತ್ರ ಮಾತು ಉಕ್ಕುತ್ತಿತ್ತು: ಅವನ ಅಮ್ಮ ಮತ್ತು ಹರ್ಲಿಂಗ್ ಎಂಬ ಆಟ. ಒಂದು ದಿನ ರದ್ದಾದ ನಕ್ಷೆಯೊಂದರ ಹಿಂದೆ ಮೈದಾನ ಬರೆದು ಪಾಠ ಮಾಡಿದ. ಒಂದು ಕಡೆಗೆ ಹದಿನೈದು ಜನ, ಕೈಯಲ್ಲಿ ತುದಿ ಚಪ್ಪಟೆಯಾದ ಮರದ ಕೋಲು, ಚರ್ಮದ ಪುಟ್ಟ ಚೆಂಡು. ಎರಡು ಎತ್ತರದ ಕಂಬ, ನಡುವೆ ಅಡ್ಡಪಟ್ಟಿ. ಚೆಂಡು ಪಟ್ಟಿಯ ಕೆಳಗೆ ಹೋದರೆ ಮೂರು ಪಾಯಿಂಟ್, ಮೇಲೆ ಹೋದರೆ ಒಂದು. ನೆಲದ ಚೆಂಡನ್ನು ಕೋಲಿನಿಂದ ಚಿಮ್ಮಿಸಿ ಗಾಳಿಯಲ್ಲೇ ಬಾರಿಸುವುದನ್ನು ಅವನು ಸ್ಕೇಲು ಮತ್ತು ರಬ್ಬರಿನಿಂದ ಮಾಡಿ ತೋರಿಸಿದಾಗ ನನಗೆ ತಡೆಯಲಾಗಲಿಲ್ಲ.

"ಇದು ನಮ್ಮ ಚಿನ್ನಿದಾಂಡು ಕಣಯ್ಯ!" ಎಂದೆ.

"ಹೌದಾ? ಹಾಗಾದರೆ ನಿನ್ನ ಕ್ಲಬ್ ಯಾವುದು?" ಎಂದು ಅವನು ಗಂಭೀರವಾಗಿ ಕೇಳಿದ.

ನಮ್ಮ ಚಿನ್ನಿದಾಂಡಿನ ಕ್ಲಬ್ಬೆಂದರೆ ಆಸ್ಪತ್ರೆ ಹಿಂದಿನ ಬಯಲು. ಅದರ ಆಡಳಿತ ಮಂಡಳಿ, ಯಾರ ಬಳಿ ದಾಂಡಿದೆಯೋ ಅವನು. ಡೋನಲ್‌ನ ಕಡೆ ಹಾಗಲ್ಲ. ಅಲ್ಲಿ ಊರೆಂದರೆ ಕ್ಲಬ್ಬು, ಕ್ಲಬ್ಬೆಂದರೆ ಊರು. ಚೆನ್ನಾಗಿ ಆಡುತ್ತಾನೆಂದು ಪಕ್ಕದೂರಿನವರು ಬಂದು ಎಗರಿಸಿಕೊಂಡು ಹೋಗುವಂತಿಲ್ಲ. ಸಂಬಳವೂ ಇಲ್ಲ. ಬೆಳಿಗ್ಗೆ ಹಾಲು ಕರೆದವನು, ಕಾಗದ ಹಂಚಿದವನು, ಮಗ್ಗಿ ಹೇಳಿಕೊಟ್ಟವನು ಸಂಜೆ ಕೋಲು ಹಿಡಿದು ಬರುತ್ತಾರೆ. ಅವನ ಹಳ್ಳಿ ಎಷ್ಟು ಚಿಕ್ಕದೆಂದರೆ ಹದಿನೈದು ಜನ ತುಂಬಿಸಲು ಮಂಡಿ ನೋವಿನವರನ್ನೂ ಎಬ್ಬಿಸಬೇಕಿತ್ತು. ಅಂಥದರಲ್ಲಿ ಗೋಲು ಕಾಯುತ್ತಿದ್ದ ಡೋನಲ್ ಕುವೈತಿಗೆ ಬಂದುಬಿಟ್ಟ. ಈಗ ಆ ಜಾಗದಲ್ಲಿ ಅವನ ತಮ್ಮ ನಿಲ್ಲುತ್ತಿದ್ದ. ತಂಡ ಸೋತಾಗಲೆಲ್ಲ ಇವನು ಮೀನಾ ಅಲ್ ಅಹ್ಮದಿಯಲ್ಲಿ ಕೂತು ತನ್ನನ್ನೇ ಬೈದುಕೊಳ್ಳುತ್ತಿದ್ದ.

ಆ ವರ್ಷ ಅವನ ಹಳ್ಳಿ ಮೊದಲ ಬಾರಿಗೆ ಜಿಲ್ಲೆಯ ಫೈನಲ್ ಮುಟ್ಟಿತು. ಡೋನಲ್ ಒಂದು ಕಟ್ಟಪ್ಪಣೆ ಹೊರಡಿಸಿದ: ಫಲಿತಾಂಶವನ್ನು ತನಗೆ ಯಾರೂ ಹೇಳಕೂಡದು. ಹಿಂದೊಮ್ಮೆ ಟ್ರಂಕ್ ಕಾಲಿನಲ್ಲಿ ಅವನ ಅಮ್ಮ "ಸೋತರು ಮಗನೇ, ನೀನು ಸರಿಯಾಗಿ ಊಟ ಮಾಡು" ಎಂದು ಒಂದೇ ಉಸಿರಿಗೆ ಪಂದ್ಯ ಮುಗಿಸಿದ್ದಳಂತೆ. ಬಡಿಸುವ ಬದಲು ಉಂಡ ಎಲೆ ತೋರಿಸಿದ ಹಾಗಾಯಿತು ಅವನಿಗೆ. ಅಂದಿನಿಂದ ಅಮ್ಮ ಊರಿನ ಪತ್ರಿಕೆಯನ್ನು ಸುರುಳಿ ಸುತ್ತಿ ಅಂಚೆಗೆ ಹಾಕಬೇಕು. ಅದು ಬಂದ ದಿನವೇ ಪಂದ್ಯದ ದಿನ.

ನನಗಿದು ವಿಚಿತ್ರವೆನಿಸಲಿಲ್ಲ. ಮೈದಾನ್ ಹವಲ್ಲಿ ಬಡಾವಣೆಯ ನಮ್ಮ ಮನೆಯಲ್ಲೂ ಸುದ್ದಿಯೆಲ್ಲ ಹಳಸಿಯೇ ಬರುತ್ತಿತ್ತು. ನಾದಿನಿಗೆ ಹೆರಿಗೆ ನೋವು ಶುರುವಾಗಿದೆ ಎಂಬ ಪತ್ರ ನಮಗೆ ತಲುಪುವಾಗ ಮಗುವಿಗೆ ನಾಮಕರಣವಾಗಿರುತ್ತಿತ್ತು. ವನಜ ಯಾವ ಪತ್ರ ಬಂದರೂ ಮೊದಲು ಕೊನೆಯ ಸಾಲು ಓದುತ್ತಾಳೆ. ಎಲ್ಲರೂ ಕ್ಷೇಮವೆಂದು ಖಾತ್ರಿಯಾದ ಮೇಲೆ ಮೊದಲ ಸಾಲಿಗೆ ಬರುತ್ತಾಳೆ.

ಫೈನಲ್ ನಡೆದದ್ದು ಭಾನುವಾರ. ಸೋಮವಾರ ಬೆಳಿಗ್ಗೆ ನಾನು ಬ್ಲೂಪ್ರಿಂಟ್ ಕೋಣೆಯಲ್ಲಿ ಅಮೋನಿಯಾದ ಘಾಟಿಗೆ ಕಣ್ಣೀರು ಸುರಿಸುತ್ತ ನಿಂತಿದ್ದೆ. ಡೋನಲ್‌ನ ಜಿಲ್ಲೆಯವನೇ ಆದ ಮಾರ್ಟಿನ್ ಎಂಬ ವೆಲ್ಡಿಂಗ್ ಇನ್‌ಸ್ಪೆಕ್ಟರ್ ನಕ್ಷೆಗಾಗಿ ಬಂದ. ನನ್ನ ಕಣ್ಣು ನೋಡಿ ಏನು ತಿಳಿದನೋ, ಹೆಗಲ ಮೇಲೆ ಕೈಯಿಟ್ಟು, "ನಿನಗೂ ಗೊತ್ತಾಯಿತಾ? ಒಂದೇ ಒಂದು ಪಾಯಿಂಟ್. ಪಾಪ ಡೋನಲ್" ಎಂದು ನಿಟ್ಟುಸಿರು ಬಿಟ್ಟು ಹೋದ.

ರಾಜನಿಗೆ ಕತ್ತೆಕಿವಿ ಇರುವುದನ್ನು ಕಂಡ ಕ್ಷೌರಿಕ ಹೊಟ್ಟೆ ಉಬ್ಬರ ತಾಳಲಾರದೆ ಮರಕ್ಕೆ ಹೇಳಿದ ಕತೆಯನ್ನು ನಮ್ಮಜ್ಜಿ ಹೇಳುತ್ತಿದ್ದಳು. ಡೋನಲ್‌ನ ಅಜ್ಜಿಯೂ ಅದನ್ನೇ ಹೇಳುತ್ತಿದ್ದಳಂತೆ. ನಮ್ಮ ಕತೆಯಲ್ಲಿ ಆ ಮರದಿಂದ ಡೋಲು ಮಾಡುತ್ತಾರೆ, ಅವರದರಲ್ಲಿ ತಂತಿವಾದ್ಯ. ಗುಟ್ಟು ಸಹಿಸದವರು ಎಲ್ಲ ದೇಶಗಳಲ್ಲೂ ಇದ್ದಾರೆಂದು ನನಗೆ ಸಮಾಧಾನವಾಗಿತ್ತು. ಆದರೆ ಕುವೈತಿನಲ್ಲಿ ಹೇಳಿಕೊಳ್ಳಲು ಮರವೆಲ್ಲಿದೆ? ಮನೆಗೆ ಹೋಗಿ ವನಜಳಿಗೆ ಹೇಳಿದೆ.

"ಅಯ್ಯೋ, ನಂಗ್ಯಾಕ್ರೀ ಹೇಳಿದ್ರಿ? ಶುಕ್ರವಾರ ಊಟಕ್ ಬರ್ತಾರಲ್ಲ, ಹೆಂಗ್ರೀ ಅವ್ರ ಮುಖ ನೋಡ್ಲಿ?" ಎಂದು ಅವಳು ನನ್ನನ್ನೇ ಗದರಿಸಿದಳು. ಆಮೇಲೆ ಕಡಲೆಹಿಟ್ಟು ಜರಡಿ ಹಿಡಿಯಲು ಕೂತಳು.

ಮಂಗಳವಾರ ಡೋನಲ್‌ಗೆ ಮೈಸೂರುಪಾಕು ಕೊಟ್ಟೆ. ಬುಧವಾರ ಕೋಡುಬಳೆ. ಗುರುವಾರ ಕೊಡಲು ಏನೂ ಇರಲಿಲ್ಲವಾದ್ದರಿಂದ ಅವನ ಕೈಬರಹವನ್ನು ಹೊಗಳಿದೆ. ಶುಕ್ರವಾರ ಅವನು ಊಟಕ್ಕೆ ಬಂದಾಗ ನಮ್ಮ ಏಳು ವರ್ಷದ ರೂಪ ನೇರವಾಗಿ, "ಅಂಕಲ್, ಡಿಡ್ ಯುವರ್ ಬ್ರದರ್ ವಿನ್?" ಎಂದು ಕೇಳಿಯೇಬಿಟ್ಟಳು. ವನಜ ಗಾಬರಿಯಲ್ಲಿ ಅವನ ತಟ್ಟೆಗೆ ಸಾರಿನ ಮೇಲೆ ಸಾರು ಸುರಿದಳು. ಡೋನಲ್ ನಕ್ಕು, "ಪಂದ್ಯ ಇನ್ನೂ ಅಂಚೆಯಲ್ಲಿದೆ, ಮಗೂ" ಎಂದ. ನಾನು ನೀರು ಕುಡಿದೆ.

ಅದರ ಮುಂದಿನ ವಾರದ ಶನಿವಾರ ಪತ್ರಿಕೆ ಬಂತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಡೋನಲ್ ಅದನ್ನು ನನ್ನ ಕೈಗಿಟ್ಟ. "ನೀನೇ ಓದು. ಯಲ್ಲಾ, ಶುರುಮಾಡು" ಎಂದು ಅರಬರ ಧಾಟಿಯಲ್ಲಿ ಅವಸರಿಸಿ ಕಿಟಕಿಯ ಕಡೆ ತಿರುಗಿ ಕೂತ. ನಾನು ತಲೆಬರಹವನ್ನು ಹಿಂದಕ್ಕೆ ಮಡಚಿ, ಸೆಟ್ ಸ್ಕ್ವೇರಿನಿಂದ ಕೆಳಗಿನ ಸಾಲುಗಳನ್ನು ಮುಚ್ಚಿಕೊಂಡು ಓದತೊಡಗಿದೆ.

ಏನು ಆಟವಪ್ಪ ಅದು! ಡೋನಲ್‌ನ ಊರಿನ ಹಾಲಿನವನು ಶುರುವಿನಲ್ಲೇ ಒಂದು ಗೋಲು ಹೊಡೆದ. ವಿರಾಮದ ಹೊತ್ತಿಗೆ ನಾವು ನಾಲ್ಕು ಪಾಯಿಂಟ್ ಮುಂದಿದ್ದೆವು. ಹೌದು, ನಾವು. ನಾನು ಪತ್ರಿಕೆ ಮಡಚಿ "ಹಾಫ್ ಟೈಮ್" ಎಂದೆ. ಡೋನಲ್ ಹೋಗಿ ಎರಡು ಚಹಾ ತಂದ. ಸೋಲುವುದು ಗೊತ್ತಿದ್ದ ನನಗೇ ಗೆಲ್ಲಬಹುದೇನೋ ಎನ್ನಿಸತೊಡಗಿತ್ತು. ಎರಡನೆಯ ಅರ್ಧದಲ್ಲಿ ಅವರು ಸಮ ಮಾಡಿಕೊಂಡರು. ಕೊನೆಯ ಗಳಿಗೆಯಲ್ಲಿ ತೀರ ಹತ್ತಿರದಿಂದ ಬಂದ ಹೊಡೆತಕ್ಕೆ ಡೋನಲ್‌ನ ತಮ್ಮನ ಕೋಲು ಮುರಿಯಿತು. ಅವನು ಎದೆ ಕೊಟ್ಟು ಚೆಂಡು ತಡೆದ. ಆಮೇಲೆ ಒಂದೇ ಸಾಲು ಉಳಿದಿತ್ತು. ಅದನ್ನು ತಿದ್ದಿ ಓದಿಬಿಡಲೇ ಎಂದುಕೊಂಡೆ. ಆಗಲಿಲ್ಲ. ಎದುರಾಳಿ ದೂರದಿಂದ ಬಾರಿಸಿದ ಚೆಂಡು ಪಟ್ಟಿಯ ಮೇಲಿಂದ ಹಾರಿಹೋಯಿತೆಂದು ತಗ್ಗಿದ ದನಿಯಲ್ಲಿ ಓದಿ ಮುಗಿಸಿದೆ.

ಡೋನಲ್ ಕಿಟಕಿಯಿಂದ ಮುಖ ತಿರುಗಿಸದೆ, "ತಮ್ಮನ ಸಾಲು ಇನ್ನೊಮ್ಮೆ ಓದು" ಎಂದ. ಓದಿದೆ. ಮತ್ತೊಮ್ಮೆಯೂ ಓದಿಸಿದ. "ನಾನಾಗಿದ್ದರೆ ಅದನ್ನು ತಡೆಯುತ್ತಿರಲಿಲ್ಲ. ನಾನಿಲ್ಲದ್ದೇ ಒಳ್ಳೆಯದಾಯಿತು" ಎಂದು ಕಣ್ಣೊರಸಿಕೊಂಡು ನಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಚೆನ್ನಾಗಿ ಓದಿದೆ ನಾಗರಾಜ್. ಸೋತದ್ದು ಗೊತ್ತಿದ್ದೂ ಹಾಫ್ ಟೈಮಿನಲ್ಲಿ ನನಗೆ ಆಸೆ ಬಂದುಬಿಟ್ಟಿತ್ತು" ಎಂದ.

"ನಿನಗೆ ಗೊತ್ತಿತ್ತೆ? ಯಾರು ಹೇಳಿದರು?"

"ನೀನೇ. ಗೆದ್ದಿದ್ದರೆ ಸೋಮವಾರದ ಚಹಾದೊಳಗೆ ನೀನದನ್ನು ಇಡೀ ಮೀನಾ ಅಲ್ ಅಹ್ಮದಿಗೆ ಸಾರಿಬಿಡುತ್ತಿದ್ದೆ. ನೀನು ಬಾಯಿಮುಚ್ಚಿಕೊಂಡು ಸಿಹಿ ತಂದೆ. ನನ್ನ ಕೈಬರಹ ಬೇರೆ ಹೊಗಳಿದೆ. ಅಲ್ಲಿಗೆ ಖಲಾಸ್ ಅಂದುಕೊಂಡೆ."

"ಹಾಗಾದರೆ ಇಷ್ಟುದ್ದ ನನ್ನಿಂದ ಯಾಕಯ್ಯ ಓದಿಸಿದೆ?"

"ಸೋತದ್ದು ಗೊತ್ತಿತ್ತು. ಆಟ ನೋಡಿರಲಿಲ್ಲವಲ್ಲ."

ಮನೆಗೆ ಬಂದು ಇದನ್ನೆಲ್ಲ ವನಜಳಿಗೆ ಒಪ್ಪಿಸಿದೆ. ಬಾಗಿಲಲ್ಲೇ, ಚಪ್ಪಲಿ ಬಿಡುವ ಮುಂಚೆ. ಅವಳು ಬಿದ್ದು ಬಿದ್ದು ನಕ್ಕಳು. ನಾನು ಜೀವಮಾನದಲ್ಲಿ ಕಾಪಾಡಿದ ಒಂದೇ ಗುಟ್ಟು ಮೊದಲ ಗುರುವಾರವೇ ಬಯಲಾಗಿತ್ತೆಂದು ತಿಳಿದರೂ ನನಗೇಕೋ ಬೇಸರವಾಗಲಿಲ್ಲ.

ಅಂದು ಊರಿನಿಂದ ಒಂದು ಪತ್ರವೂ ಬಂದು ಕೂತಿತ್ತು. ವನಜ ಒಡೆದು, ಅಭ್ಯಾಸದಂತೆ ಕೊನೆಯ ಪುಟಕ್ಕೆ ಕೈಹಾಕಿದಳು. ನಾನು ಅದರ ಮೇಲೆ ಅಂಗೈ ಇಟ್ಟು, "ಮೇಲಿನಿಂದ ಓದೇ" ಎಂದೆ. "ಆಟ ಇನ್ನೂ ಶುರುವಾಗಿಲ್ಲ."