ಕ್ಲಚ್ಚಿಗೆ ಹಚ್ಚಿದ ಕುಸುಬಿ ಎಣ್ಣೆ

ಆಗ ನಿಜಾಮರ ಕಾಲ. ಕಮಲಾಪುರದಲ್ಲಿ ಮೋಟಾರು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಯಾರೋ ಓಡಿಸಿ ಸಾಕಾಗಿ ಬಿಟ್ಟ ಹಳೆಯ ಗಾಡಿ. ತೊಗರಿ ವ್ಯಾಪಾರಕ್ಕೆ ಕಲಬುರಗಿಗೆ ಓಡಾಡಲು ಅಪ್ಪ ತಂದಿದ್ದ. ಅದು ಕೆಮ್ಮುತ್ತ ಅಂಗಳಕ್ಕೆ ಬಂದರೆ ಕೋಳಿಗಳು ಮಾಳಿಗೆ ಏರುತ್ತಿದ್ದವು. ಪೆಟ್ರೋಲು, ಕಾದ ತಗಡು, ಹಳೆಯ ತೊಗಲು ಕೂಡಿದ ಅದರ ವಾಸನೆ ಅಂಥ ಗಾಡಿ ಹತ್ತಿದವರಿಗೆಲ್ಲ ಇನ್ನೂ ನೆನಪಿರಬೇಕು.

ಓಡಿಸುವವನು ಮಶಾಕಸಾಬ, ನನಗೆ ಮಶಾಕ ಕಾಕಾ. ಎಂಟು ವರ್ಷದ ನಾನು ಕುಂಟಾಬಿಲ್ಲೆ ಬಿಟ್ಟು ಅವನ ಬೆನ್ನು ಹತ್ತುತ್ತಿದ್ದೆ. ಒಂದು ದಿನ ಕಾಲಡಿಯ ಹಲಗೆ ಎತ್ತಿ ತೋರಿಸಿದ.

"ನೋಡ ಬೇಟಿ, ಇದಕ್ಕ ಕ್ಲಚ್ ಅಂತಾರ. ಪೆಡಲ್ ಒತ್ತಿದ್ರ ಈ ತೊಗಲ ಬಿಡ್ತದ. ಪೆಡಲ್ ಬಿಟ್ರ ಇಂಜಿನ್ನಿನ ಚಕ್ರ ಗಟ್ಟಿ ಹಿಡೀತದ. ಆಗೇ ಗಾಡಿ ಮುಂದ ಹೋಗ್ತದ."

ಅರ್ಧ ಕಲಿತು ಪೂರ್ತಿ ತಿಳಿದವಳಂತೆ ಮೆರೆದೆ.

ಅಪ್ಪನ ಅಪ್ಪ, ನಮ್ಮ ಮುತ್ಯಾನದೊಂದು ಪದ್ಧತಿ ಇತ್ತು. ಎತ್ತುಗಳ ಹಬ್ಬವಾದ ಕಾರಹುಣ್ಣಿಮೆಯ ಹಿಂದಿನ ದಿನ ಮನೆಯ ತೊಗಲಿನ ಸಾಮಾನಿಗೆಲ್ಲ ಕುಸುಬಿ ಎಣ್ಣೆ ತಿಕ್ಕುವುದು. ಎತ್ತಿನ ಮಿಣಿ, ಬಾರುಕೋಲು, ಬಾವಿಯ ನೀರೆತ್ತುವ ತೊಗಲಚೀಲ, ನಮ್ಮ ಕೆರವು, ಯಾವುದನ್ನೂ ಬಿಡುತ್ತಿರಲಿಲ್ಲ. ಆ ವರ್ಷ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದ ನನ್ನನ್ನು ಕೇಳಿದ:

"ಈ ಮೋಟಾರಿನಾಗ ತೊಗಲ ಅದ ಏನವ್ವಾ?"

"ಅದ ಮುತ್ಯಾ! ಒಳಗದ!"

"ಮತ್ತ ಅದೇನ ಪಾಪ ಮಾಡ್ಯಾದ? ಅದಕ್ಕೂ ಹಚ್ಚೂನು."

ಮಶಾಕ ಕಾಕಾ ಊರಲ್ಲಿರಲಿಲ್ಲ. ನಾನು ಎರಡೂ ಕಾಲಿನಿಂದ ಪೆಡಲ್ ಒತ್ತಿ ಹಿಡಿದೆ. ಮುತ್ಯಾ ಕೋಲಿಗೆ ಅರಿವೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಒಳಗೆ ಕೈಗೆಟುಕಿದಷ್ಟೂ ಸವರಿದ. ಇಬ್ಬರಿಗೂ ಬಹಳ ಸಂತೋಷವಾಯಿತು.

ನನ್ನ ಅಕ್ಕ ನೀಲಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮರುದಿನ ಒಲೆಯ ಮೇಲೆ ಹೋಳಿಗೆಯ ಬೇಳೆ ಕುದಿಯುತ್ತಿರುವಾಗ ಸೂಲಗಿತ್ತಿ ಹೊರಗೆ ಬಂದು, "ಕೂಸು ಅಡ್ಡ ಅದ. ದವಾಖಾನಿಗಿ ಒಯ್ಯರಿ" ಅಂದಳು. ಆಗಷ್ಟೇ ಬಂದಿದ್ದ ಮಶಾಕ ಕಾಕಾ ಗಾಡಿ ಎಬ್ಬಿಸಿದ. ಅಪ್ಪ, ಅವ್ವ ಹತ್ತಿದರು. ಅಕ್ಕ ನನ್ನ ಕೈ ಬಿಡಲಿಲ್ಲ, ನಾನೂ ಹತ್ತಿದೆ.

ಸಪಾಟು ದಾರಿಯಲ್ಲಿ ಹೇಗೋ ಓಡಿತು. ಮಹಾಗಾಂವದ ಹತ್ತಿರದ ಏರಿನಲ್ಲಿ ಇಂಜಿನ್ ಅರಚಿತು, ಗಾಡಿ ಮಾತ್ರ ಏರಲಿಲ್ಲ.

"ಪೆಟ್ರೋಲ್ ಮುಗೀತೇನೋ?" ಅಂದ ಅಪ್ಪ.

"ಅಲ್ರೀ ಸಾವಕಾರ್ರ. ಇಂಜಿನ್ ಚೀರಾಕತ್ತದ, ಗಾಲಿಗಿ ಜೋರ ಮುಟ್ಟವಲ್ದು."

ಕಾಕಾ ಬ್ರೇಕು ಬಿಗಿದು, ಗೇರು ಹಾಕಿ, ಪೆಡಲನ್ನು ಮೆಲ್ಲಗೆ ಬಿಟ್ಟ. ಕ್ಲಚ್ಚು ಹಿಡಿದಿದ್ದರೆ ಇಂಜಿನ್ ಉಸಿರು ಕಟ್ಟಿ ನಿಲ್ಲಬೇಕು. ಅದು ಗುರುಗುಟ್ಟುತ್ತಲೇ ಇತ್ತು.

"ಕ್ಲಚ್ ಜಾರಾಕತ್ತದ," ಅಂದ.

ಹಬ್ಬ, ಎತ್ತು ಹೂಡದ ದಿನ. ದೂಡುವವರನ್ನು ಕರೆತರಲು ಅಪ್ಪ ಊರೊಳಗೆ ಓಡಿದ. ಕಾಕಾ ಹಲಗೆ ಎತ್ತಿ, ತೊಗಲು ಮುಟ್ಟಿ, ಬೆರಳು ಮೂಸಿದ. ಆಮೇಲೆ ಅಕ್ಕ ಹಿಡಿಯದೆ ಉಳಿದಿದ್ದ ನನ್ನ ಇನ್ನೊಂದು ಕೈ ಎಳೆದು ಮೂಸಿದ.

"ಯಾರು?"

"ಮುತ್ಯಾ... ಹಬ್ಬಕ್ಕ."

ಅವನು ಅವ್ವನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ಬಾಯಿ ಬಿಡಬ್ಯಾಡ ಬೇಟಿ. ಮುದುಕ ಎದಿ ಒಡದು ಸಾಯ್ತಾನ."

ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡು ದೇವರನ್ನು ಕೂಗುತ್ತಿದ್ದ ಅವ್ವನಿಗೆ ಇದು ಕೇಳಿಸಲಿಲ್ಲ.

ಕಾಕಾ ಪೆಟ್ರೋಲಿನ ಅರಿವೆಯಿಂದ ತೊಗಲು ಒರೆಸಿದ. ಹತ್ತಿರದ ಗುಡಿಸಲಿನ ಒಲೆಯಿಂದ ಬೂದಿ ತಂದು ಮತ್ತೆ ಮತ್ತೆ ಉಜ್ಜಿದ. ಜನ ದೂಡಿದರು. ಗಾಡಿ ಏರು ಹತ್ತುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಲಬುರಗಿಯ ದವಾಖಾನೆಯಲ್ಲಿ ಕೂಸು ಹುಟ್ಟಿತು, ಅಳಲಿಲ್ಲ. ಅಕ್ಕ ಉಳಿದಳು, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ.

ಅಪ್ಪ ಕೇಳಿದಾಗ ಕಾಕಾ, "ಎಣ್ಣಿ ಬಿದ್ದಿತ್ರಿ, ನಾ ನೋಡ್ಲಿಲ್ಲ. ತಪ್ಪ ನಂದೇ" ಅಂದ. "ನಮ್ಮ ಬಾಗಿಲಿಗಿ ಮತ್ತ ಬರಬ್ಯಾಡ" ಅಂದ ಅಪ್ಪ. ಕಾಕಾನ ತಪ್ಪಿನಿಂದ ಗಾಡಿ ನಿಂತಿತೆಂದಷ್ಟೇ ಕೇಳಿದ ಮುತ್ಯಾನೂ ಅವನನ್ನು ಬಾಯಿಗೆ ಬಂದಂತೆ ಬೈದ. ನಾನು ಕಂಬದ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ.

ಮುಂದಿನ ಕಾರಹುಣ್ಣಿಮೆಗೆ ಮುತ್ಯಾ ಮತ್ತೆ ಬಟ್ಟಲು ತಾ ಅಂದ. "ಮೋಟಾರಿನಾಗ ಈಗ ತೊಗಲಿಲ್ಲ ಮುತ್ಯಾ, ಬ್ಯಾರೆ ಏನೋ ಹಾಕ್ಯಾರ" ಎಂದು ಸುಳ್ಳು ಹೇಳಿದೆ. ಅವನು ನಂಬಿದ. ಏನೂ ತಿಳಿಯದೆಯೇ ತೀರಿಕೊಂಡ.

ಮದುವೆಯಾದ ಮೇಲೆ ಒಮ್ಮೆ ಕಲಬುರಗಿಯ ಜಗತ್ ಚೌಕದಲ್ಲಿ ಮಶಾಕ ಕಾಕಾ ಕಂಡ. ಬಿಳಿ ಗಡ್ಡ, ಬಾಡಿಗೆ ಟಾಂಗಾ.

"ಮುತ್ಯಾಗ ಕಡೀತನಕ ತಿಳೀಲಿಲ್ಲಲ್ಲ ಬೇಟಿ?"

"ಇಲ್ಲ ಕಾಕಾ."

"ಅಷ್ಟ ಸಾಕು ಬಿಡು."

ಈಗ ಕ್ಲಚ್ಚಿನಲ್ಲಿ ತೊಗಲಿಲ್ಲ. ಕಮಲಾಪುರದಿಂದ ಕಲಬುರಗಿ ದೂರವೂ ಅಲ್ಲ. ಕಾಕಾ, ಅಪ್ಪ, ಅಕ್ಕ ಯಾರೂ ಉಳಿದಿಲ್ಲ. ಕಾಕಾ ಸಿಕ್ಕ ದಿನ ಅಪ್ಪ ಇನ್ನೂ ಬದುಕಿದ್ದ. ಮುತ್ಯಾ ಹೋಗಿಯಾಗಿತ್ತು, ನಿಜ ಹೇಳಿದರೆ ಯಾರ ಎದೆಯೂ ಒಡೆಯುತ್ತಿರಲಿಲ್ಲ. ಅದೇ ಟಾಂಗಾದಲ್ಲಿ ಕಾಕಾನನ್ನು ಅಪ್ಪನ ಮುಂದೆ ಕರೆದೊಯ್ಯಬಹುದಿತ್ತು. ಆದರೆ ಪೆಡಲ್ ಒತ್ತಿ ಹಿಡಿದವಳು ನಾನೆಂದು ನೀಲಕ್ಕನಿಗೆ ತಿಳಿಯುತ್ತದಲ್ಲ ಎಂದು ಅಂಜಿದೆ. ಕಾಕಾನಿಗೆ ಕೈ ಮುಗಿದು, ಬೇರೆ ಟಾಂಗಾ ಹತ್ತಿ ಮನೆಗೆ ಹೋದೆ.