ಏಡನ್ನಿನ ಆಯಿ

ಆಯಿ ಮನೆಯೊಳಗೆ ಕೂತಾಗಲೂ ಕಣ್ಣು ಕಿರಿದು ಮಾಡಿಕೊಂಡೇ ಮಾತಾಡುತ್ತಿದ್ದರು. ಹುಬ್ಬುಗಳ ನಡುವೆ ಎರಡು ಆಳವಾದ ಗೆರೆ ಉಳಿದುಬಿಟ್ಟಿದ್ದವು. ‘ಏಡನ್ ಬಿಸಲವ್ವಾ ಅದು, ಇನ್ನೂ ಇಳದಿಲ್ಲ,’ ಎನ್ನುತ್ತಿದ್ದರು.

ಅಮೆರಿಕದ ಸನ್ನಿವೇಲ್‌ನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟು ಅವರದು. ದೇವಸ್ಥಾನದಲ್ಲಿ ಯಾರಾದರೂ ಯಾವ ಊರೆಂದು ಕೇಳಿದರೆ ‘ಏಡನ್’ ಅನ್ನುವರು. ‘ಅಲ್ಲ ಆಯಿ, ಮೂಲ ಊರು?’ ಅಂದರೆ ‘ಮೂಲಾನೂ ಅದೇ.’ ಕೇಳಿದವರು ಪಾಪ, ಮೆಲ್ಲಗೆ ಪ್ರಸಾದದ ಸಾಲಿಗೆ ಜಾರಿಕೊಳ್ಳುತ್ತಿದ್ದರು. ಧಾರವಾಡವೂ ಏಡನ್ನೂ ಒಂದೇ ಬೊಂಬಾಯಿ ಸರಕಾರದ ಕೈಯಲ್ಲಿದ್ದಾಗ ಅವರಪ್ಪ ಅರಬರ ನಾಡಿನ ಆ ಬಂದರಿನ ಕಚೇರಿಗೆ ಕಾರಕೂನರಾಗಿ ಹೋದವರು. ಹಿಂದೂಸ್ತಾನಕ್ಕೆ ಹೋಗಿಬರುವ ಹಡಗುಗಳು ಕಲ್ಲಿದ್ದಲು ತುಂಬಿಕೊಳ್ಳಲು ಅಲ್ಲಿ ನಿಲ್ಲುತ್ತಿದ್ದವು. ಆ ಬೋಳು ಬಂಡೆಯ ಊರನ್ನು ಬ್ರಿಟಿಷರು ಬಿಗಿಹಿಡಿದದ್ದು ಅದಕ್ಕೇ. ‘ಅವರಿಗೆ ಇದ್ದಲಿ ಬೇಕಿತ್ತು. ನಾವು ಅಲ್ಲೇ ಆಡಿ ಬೆಳೆದವರು,’ ಎಂದು ಆಯಿ ಸೇರಿಸುವರು.

ಬ್ರಿಟಿಷರು ಬಿಟ್ಟು ಹೊರಟಾಗ ಊರೆಲ್ಲ ಗುಂಡಿನ ಸದ್ದು. ತಿರುಗಿ ಬರುತ್ತೇವೆಂದುಕೊಂಡೇ ಇವರು ಮನೆಗೆ ಬೀಗ ಹಾಕಿ ಹಡಗು ಹತ್ತಿದರು. ಆ ಮನೆ ಇದೆಯೋ ಇಲ್ಲವೋ, ಅದೊಂದೇ ಆಯಿಯ ಕೊರಗು. ಈಚೆಗೆ ಅಲ್ಲಿ ಮತ್ತೆ ಯುದ್ಧ. ಟೀವಿಯಲ್ಲಿ ಸುದ್ದಿ ಬಂದರೆ ಆಯಿಯ ಮಗ ಚಾನೆಲ್ ಬದಲಿಸಿಬಿಡುತ್ತಿದ್ದರು.

ಓಕ್‌ಲ್ಯಾಂಡಿನಲ್ಲಿ ನನ್ನ ಆಫೀಸಿನ ಹತ್ತಿರ ಏಡನ್ನಿನವನೊಬ್ಬನ ಗ್ರೋಸರಿ ಅಂಗಡಿಯಿತ್ತು. ಒಂದು ಶನಿವಾರ ಆಯಿಯನ್ನು ಕರೆದೊಯ್ದೆ. ನಾನು ಒಮ್ಮೆಯೂ ಕೇಳಿರದ ಅರಬಿಯನ್ನು ಅವರು ಸರಾಗವಾಗಿ ಆಡಿದರು, ಓಣಿಯ ಗುರುತು ಹೇಳಿ ಮನೆಯ ಬಗ್ಗೆ ಕೇಳಿದರು. ಅವನು ಆಯಿಯ ಮುಖವನ್ನೊಮ್ಮೆ ನೋಡಿ ಏನೋ ಹೇಳಿದ. ಆಮೇಲೆ ನನಗೂ ಇಂಗ್ಲಿಷಿನಲ್ಲಿ ತಿಳಿಸಿದ: ಮನೆ ಹಾಗೇ ಇದೆ, ಎದುರಿನ ಬೇವಿನ ಮರವೂ ಇದೆ. ನನಗೆ ಕಣ್ಣು ತುಂಬಿ ಬಂತು. ಆಯಿ ಅವನ ಕೈ ಹಿಡಿದುಕೊಂಡು ನಿಂತರು.

ಫ್ರೀವೇ ಹತ್ತಿದ ಮೇಲೆ ಅಂದರು: ‘ಭಾಳ ಚಲೋ ಹುಡುಗ. ನಮ್ಮ ಓಣ್ಯಾಗ ಒಂದೂ ಗಿಡ ಇರಲಿಲ್ಲವ್ವಾ. ಕುಡಿಯೋ ನೀರ ರೊಕ್ಕಾ ಕೊಟ್ಟು ತರ್ತಿದ್ವಿ, ಗಿಡಕ್ಕ ಯಾರ್ ಹಾಕ್ತಾರ?’

‘ಹಾಗಾದ್ರೆ ಮನೆ?’

‘ಬಿದ್ದದ. ಅವನ ಮಾರಿ ನೋಡಿದ ಕೂಡ್ಲೆ ತಿಳೀತು. ಮುದುಕಿ ನೊಂದ್ಕೋಬಾರ್ದು ಅಂತ ಒಂದು ಗಿಡಾನೂ ಹಚ್ಚಿ ಕೊಟ್ಟ.’

ಮನೆ ಮುಟ್ಟುವವರೆಗೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮರುವಾರ ಅವನಿಗೆಂದು ಚಕ್ಕುಲಿ ಮಾಡಿ ನನ್ನ ಕೈಯಲ್ಲಿ ಕಳಿಸಿದರು.

ಕಳೆದ ಚಳಿಗಾಲದಲ್ಲಿ ಆಯಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟವಾದ ಮೇಲೆ ಮಗ ನನ್ನ ಹತ್ತಿರ ಬಂದು ಕೂತರು.

‘ಅವ್ವ ಕೇಳಿದಾಗೆಲ್ಲಾ ನಾ ಮಾತು ತಪ್ಪಿಸಿಬಿಟ್ಟೆ ನೋಡ್ರಿ. ನೀವು ಆ ಅಂಗಡಿಗೆ ಕರ್ಕೊಂಡು ಹೋಗಿದ್ರಲ್ಲ, ಏಡನ್ನಿನ ಅವ್ವನ ಮನಿ ಇನ್ನೂ ಅದ ಏನ್ರಿ?’

ನಾನು ಅವರ ಮುಖ ನೋಡಿದೆ.

‘ಇದೆ,’ ಅಂದೆ. ‘ಎದುರಿಗೆ ಬೇವಿನ ಮರವೂ ಇದೆ.’